ಕರೆನ್ ಮೈದಾನದಲ್ಲಿ ಒಂದು ನಿಂಬೆಹಣ್ಣು

ನೈರೋಬಿಗೆ ಹೋಗಿಬಂದೆ ಎಂದರೆ ಸಾಕು, ಮೈಸೂರಿನಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: "ಸಿಂಹ ನೋಡಿದ್ರಾ?" ಇಲ್ಲ ಕಣ್ರೀ, ನೋಡಲಿಲ್ಲ. ಸಿಂಹ ನೋಡಲು ಹೋಗಬೇಕು ಅಂತ ಮಾತಾಗಿದ್ದ ವಾರ ನನಗೆ ಯಾವ ಪ್ರಾಣಿಯ ಮುಖವೂ ಬೇಕಾಗಿರಲಿಲ್ಲ. ನಾನು ಅಲ್ಲಿ ನೋಡಿದ್ದು ಒಂದು ಫುಟ್‌ಬಾಲ್ ಪಂದ್ಯ. ಕಾಲೇಜು ಹುಡುಗಿಯರ ಪಂದ್ಯ. ಹಾಗೆಂದರೆ ಕೇಳಿದವರು "ಓ, ಹೌದಾ" ಎಂದು ಮಾತು ಬದಲಿಸುತ್ತಾರೆ. ಅವರು ಬದಲಿಸಲಿ ಎಂದೇ ನಾನೂ ಕಾಯುತ್ತಿದ್ದೆ. ಇಷ್ಟು ದಿನ ಹಾಗೇ ತಪ್ಪಿಸಿಕೊಂಡು ಓಡಾಡಿದೆ. ಈಗ ಬರೆದುಬಿಡುತ್ತೇನೆ, ಓದಿದವರು ಬೈದುಕೊಳ್ಳಲಿ.

ಪಾರ್ಕ್‌ಲ್ಯಾಂಡ್ಸ್

ನನ್ನ ತಂಗಿ ವಾಸಂತಿ ಅಲ್ಲಿಗೆ ಹೋಗಿ ಇಪ್ಪತ್ತು ವರ್ಷವಾಗುತ್ತಾ ಬಂತು. ಅವಳು ಶಾಲೆಯಲ್ಲಿ ಟೀಚರು, ಗಂಡ ರಘು ಆಸ್ಪತ್ರೆಯಲ್ಲಿ ಡಾಕ್ಟರು. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಮೂರನೇ ಮಹಡಿಯ ಫ್ಲ್ಯಾಟು. ಬೆಳಿಗ್ಗೆ ದೇವಸ್ಥಾನದ ಗಂಟೆ ಕೇಳಿಸುತ್ತದೆ, ಮೂಲೆಯ ಗುಜರಾತಿ ಅಂಗಡಿಯಲ್ಲಿ ಕರಿಬೇವು ಸಿಗುತ್ತದೆ, ಎದುರುಮನೆಯಾಕೆ ಬಾಲ್ಕನಿಯಲ್ಲಿ ಹಪ್ಪಳ ಒಣಗಿಸುತ್ತಾಳೆ. ಹೋದ ಮೂರನೇ ದಿನಕ್ಕೆಲ್ಲ ಪರದೇಶಕ್ಕೆ ಬಂದಿದ್ದೇನೆ ಎನ್ನುವುದೇ ನನಗೆ ಮರೆತುಹೋಗಿತ್ತು. ನಾನು ಕೆಟ್ಟಿದ್ದೇ ಅಲ್ಲಿ.

ತಂಗಿಯ ಮಗಳು ಸಿಂಚನಾ. ಇಪ್ಪತ್ತೊಂದು ವರ್ಷ, ಕಾಲೇಜಿನಲ್ಲಿ ಕೊನೆಯ ವರ್ಷ. ವಾಸಂತಿ, ರಘು ಅಲ್ಲಿ ಕಾಲೂರುವ ತನಕ ಆರು ವರ್ಷ ಈ ಹುಡುಗಿ ನನ್ನ ಮಡಿಲಲ್ಲೇ ಬೆಳೆದದ್ದು. ನನಗೆ ಮಕ್ಕಳಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕೂತು, ಊರವರ ಕಾಗದಗಳನ್ನೆಲ್ಲ ಮುಟ್ಟಿಸಿ, ನಿವೃತ್ತಿಯಾದವಳು ನಾನು. ನನ್ನದು ಅಂತ ಹೇಳಿಕೊಳ್ಳುವುದಕ್ಕೆ ಇರುವುದು ಆ ಆರು ವರ್ಷ. ಅವಳು ಈಗಲೂ ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಾಳೆ, ನಡುನಡುವೆ ಇಂಗ್ಲಿಷ್ ತುರುಕಿಕೊಂಡು, "ನೀನು" ಅಂತಲೇ ಸಲಿಗೆಯಿಂದ.

ಅವಳು ಕಾಲೇಜು ತಂಡದ ಗೋಲ್‌ಕೀಪರ್. ಅಂದರೆ ಎರಡು ವರ್ಷ ಬೆಂಚಿನ ಮೇಲೆ ಕೂತ ಗೋಲ್‌ಕೀಪರ್. ಅವಳಿಗಿಂತ ದೊಡ್ಡ ಹುಡುಗಿಯೊಬ್ಬಳು ನಿಲ್ಲುತ್ತಿದ್ದಳು. ಅವಳ ಮಂಡಿಗೆ ಪೆಟ್ಟಾದ ಮೇಲೆ ಇವಳಿಗೆ ಜಾಗ ಸಿಕ್ಕಿದ್ದು, ಒಂದು ತಿಂಗಳಿನಿಂದ. ನಾನು ಹೋದ ವಾರದ ಶನಿವಾರ ಕರೆನ್ ಎಂಬ ಬಡಾವಣೆಯ ಇನ್ನೊಂದು ಕಾಲೇಜಿನ ಮೈದಾನದಲ್ಲಿ ಪಂದ್ಯವಿತ್ತು. ಎಲ್ಲ ಕಾಲೇಜುಗಳೂ ಸೇರಿ ಕಟ್ಟುವ ತಂಡಕ್ಕೆ ಹುಡುಗಿಯರನ್ನು ಆರಿಸುವ ಇಬ್ಬರು ಅದನ್ನು ನೋಡಲು ಬರುವವರಿದ್ದರು. ಆ ತಂಡಕ್ಕೆ ಬೇಕಾಗಿದ್ದುದು ಒಬ್ಬಳೇ ಗೋಲ್‌ಕೀಪರ್.

"ಇದೊಂದೇ ಮ್ಯಾಚ್ ದೊಡ್ಡಮ್ಮ," ಎಂದಳು ಶುಕ್ರವಾರ ಸಂಜೆ, ಅಡುಗೆಮನೆಯ ಕಟ್ಟೆಯ ಮೇಲೆ ಕೂತು. "ನೆಕ್ಸ್ಟ್ ಇಯರ್ ನಾನು ಸ್ಟೂಡೆಂಟೇ ಅಲ್ಲ. ನಾಳೆ ಆಗ್ಲಿಲ್ಲಾಂದ್ರೆ ಇನ್ನಿಲ್ಲ."

ವಾಸಂತಿಯ ಶಾಲೆಯಲ್ಲಿ ಅದೇ ದಿನ ವಾರ್ಷಿಕೋತ್ಸವ. ರಘುವಿಗೆ ಡ್ಯೂಟಿ. "ನೀನು ಬಾ. ನನ್ ಕಡೆಯೋರು ಅಂತ ಒಬ್ರಾದ್ರೂ ಇರ್ಬೇಕು ಅಲ್ವಾ?" ಎಂದಳು ಸಿಂಚನಾ. ನನಗೆ ಫುಟ್‌ಬಾಲಿನ ಗಂಧಗಾಳಿ ಗೊತ್ತಿಲ್ಲ. ಆದರೂ ಎದೆ ಉಬ್ಬಿಹೋಯಿತು. ತಕ್ಷಣ ಒಂದು ನಿಂಬೆಹಣ್ಣು ತೆಗೆದುಕೊಂಡು, "ಬಾ ಇಲ್ಲಿ, ದೃಷ್ಟಿ ತೆಗೀತೀನಿ. ನಾಳೆ ಇದನ್ನ ಹತ್ರ ಇಟ್ಕೋ," ಎಂದೆ.

ದೃಷ್ಟಿ ತೆಗೆಸಿಕೊಂಡಳು, ನಗುತ್ತಾ. ಹಣ್ಣು ಮಾತ್ರ ಮುಟ್ಟಲಿಲ್ಲ. "ಬೇಡ ದೊಡ್ಡಮ್ಮ, ಪ್ಲೀಸ್. ಗ್ರೌಂಡಿಗೆ ಇದನ್ನೆಲ್ಲಾ ತರಬಾರ್ದು. ಸೀರಿಯಸ್ಸಾಗಿ ಹೇಳ್ತಿದೀನಿ."

ಇಷ್ಟು ಸ್ಪಷ್ಟವಾಗಿ ಹೇಳಿದ್ದಳು. ಸ್ನೇಹಿತೆಯರ ಮುಂದೆ ನಾಚಿಕೆ ಇರಬೇಕು ಅಂದುಕೊಂಡೆ ನಾನು. ನಮ್ಮ ಅಂಚೆ ಕಚೇರಿಯ ಕೌಂಟರಿನ ಮೇಲೆ ಗಾಜಿನ ಲೋಟದ ನೀರಿನಲ್ಲಿ ಸದಾ ಒಂದು ನಿಂಬೆಹಣ್ಣು ಇರುತ್ತಿತ್ತು. ಬೀದಿಯ ಲಾರಿಗೆ ಇರುತ್ತದೆ, ಹೊಸ ಸ್ಕೂಟರಿಗೆ ಇರುತ್ತದೆ. ಚೆಂಡು ಎದೆಗೆ ಹೊಡೆಸಿಕೊಳ್ಳುವ ಹುಡುಗಿಗೆ ಬೇಡವಂತೆ. ಹಣ್ಣನ್ನು ನನ್ನ ಪರ್ಸಿಗೆ ಹಾಕಿಕೊಂಡೆ. ಕುಂಕುಮದ ಭರಣಿ ಹೇಗೂ ಅಲ್ಲೇ ಇತ್ತು, ಕಪ್ಪು ದಾರವೂ.

ಮಟಾಟು

ತಂಡ ಕಾಲೇಜಿನ ಬಸ್ಸಿನಲ್ಲಿ ಮೊದಲೇ ಹೊರಟಿತು. ಅಭಿಮಾನಿಗಳಿಗೆ ಒಂದು ಮಟಾಟು. ನಮ್ಮ ಕಡೆಯ ಖಾಸಗಿ ಮಿನಿಬಸ್ಸಿಗೆ ಮದುವೆ ಮನೆಯ ದೀಪ, ಆರ್ಕೆಸ್ಟ್ರಾದ ಸ್ಪೀಕರು, ಗೋಡೆಬರಹ ಎಲ್ಲ ಒಟ್ಟಿಗೆ ಅಂಟಿಸಿದರೆ ಮಟಾಟು ಆಗುತ್ತದೆ. ಒಳಗೆ ಕೂತರೆ ಹಾಡು ಕಿವಿಗೆ ಕೇಳಿಸುವುದಿಲ್ಲ, ಪಕ್ಕೆಲುಬಿಗೆ ಕೇಳಿಸುತ್ತದೆ.

ಮೂವತ್ತು ಹುಡುಗ ಹುಡುಗಿಯರ ನಡುವೆ ಸೀರೆ ಉಟ್ಟು ಬೂಟು ಹಾಕಿದ ಮುದುಕಿ ನಾನೊಬ್ಬಳೇ. ನನ್ನ ಪಕ್ಕ ವಂಜಿರು ಎಂಬ ಹುಡುಗಿ ಕೂತಳು, ತೊಡೆಯ ಮೇಲೆ ಒಂದು ಡೋಲು ಇಟ್ಟುಕೊಂಡು. ಎಂಜಿನಿಯರಿಂಗ್ ಓದುವವಳು. "ಹೇಗಿದ್ದೀರಿ ಮಾಮಾ? ಮನೆಯಲ್ಲಿ ಹೇಗಿದ್ದಾರೆ? ನಿದ್ದೆ ಚೆನ್ನಾಗಿ ಆಯಿತಾ?" ಎಂದು ಇಂಗ್ಲಿಷಿನಲ್ಲಿ ಒಂದೊಂದಾಗಿ ಕೇಳಿದಳು. ಅಲ್ಲಿ ಯಾರೂ ಕುಶಲ ಕೇಳದೆ ಮಾತು ಶುರು ಮಾಡುವುದಿಲ್ಲ. ಅಂಗಡಿಯಲ್ಲಿ ನೇರವಾಗಿ "ಹಾಲು ಕೊಡಿ" ಅಂದರೆ ಒರಟು ಅಂದುಕೊಳ್ಳುತ್ತಾರೆ. ಮೂವತ್ತು ವರ್ಷ ಕೌಂಟರಿನಲ್ಲಿ ಕೂತರೂ ನನಗೆ ನಿದ್ದೆ ಬಂತಾ ಎಂದು ಒಬ್ಬರೂ ಕೇಳಿದ್ದಿಲ್ಲ. ವಯಸ್ಸಾದ ಹೆಂಗಸರೆಲ್ಲ ಅವರಿಗೆ ಮಾಮಾ, ಅಂದರೆ ಅಮ್ಮ. ಮೊದಲೆರಡು ದಿನ ಯಾವ ಮಾಮನನ್ನು ಕರೆಯುತ್ತಿದ್ದಾರೆ ಎಂದು ಹಿಂದೆ ತಿರುಗಿ ನೋಡಿದ್ದೆ.

ವೆಸ್ಟ್‌ಲ್ಯಾಂಡ್ಸ್ ದಾಟುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಟ್ರಾಫಿಕ್ಕಿನಲ್ಲಿ ನಿಂತಾಗಲೆಲ್ಲ ಹುಡುಗರು ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಹಾಡುತ್ತಿದ್ದರು. ಒಬ್ಬ ಸುಟ್ಟ ಜೋಳದ ತೆನೆ ಕೊಂಡು ನನ್ನ ಕೈಗೆ ಕೊಟ್ಟ. ಮೇಲೆ ನಿಂಬೆಹೋಳಿನಿಂದ ಉಪ್ಪುಖಾರ ಉಜ್ಜಿದ್ದರು, ಥೇಟ್ ನಮ್ಮ ಮುಸುಕಿನ ಜೋಳದ ಗಾಡಿಯ ರುಚಿ. "ಅಸಾಂಟೆ" ಎಂದು ಅವರ ಭಾಷೆಯಲ್ಲೇ ಥ್ಯಾಂಕ್ಸ್ ಹೇಳಿದೆ. ಇಡೀ ಗಾಡಿ ಚಪ್ಪಾಳೆ ತಟ್ಟಿತು.

ಆಮೇಲೆ ಕೂಗುವುದನ್ನು ಕಲಿಸಿದರು. ಸಿಂಚನಾ ಅವರ ಬಾಯಲ್ಲಿ ಸಿಂಚಾ. ವಂಜಿರು ಡೋಲು ಮೂರು ಸಲ ಬಡಿದರೆ ಎಲ್ಲರೂ "ಸಿಂಚಾ!" ಅನ್ನಬೇಕು. ಮೊದಲ ಸಲ ನನ್ನ ದನಿ ಎರಡು ಕ್ಷಣ ತಡವಾಗಿ ಒಂಟಿಯಾಗಿ ಹೊರಟಿತು. ಹೋ ಎಂದು ನಕ್ಕರು. ನಾನೂ ನಕ್ಕೆ. ಆ ಮಗುವಿಗೆ ತಟ್ಟೆಯಲ್ಲಿ ಅನ್ನ ಕಲಸಿ ಚಂದ್ರನನ್ನು ತೋರಿಸಿದವಳು ನಾನು ಎಂದು ವಂಜಿರುವಿಗೆ ಹೇಳಿದೆ. ಅವಳು ಅದನ್ನು ಹಿಂದಿನ ಸೀಟಿನವರಿಗೆ ಕೂಗಿ ಹೇಳಿದಳು. ಅಲ್ಲಿಂದ ಮುಂದೆ ನಾನು ಬರಿಯ ಮಾಮಾ ಅಲ್ಲ, "ಮಾಮಾ ಸಿಂಚಾ". ಬದುಕಿನಲ್ಲಿ ಅಷ್ಟು ಸಂತೋಷಪಟ್ಟ ದಿನ ತೀರಾ ಕಡಿಮೆ.

ಕರೆನ್

ಮರಗಳು, ಉದ್ದುದ್ದ ಬೇಲಿ, ಒಂದೊಂದು ಮನೆಗೂ ಅರ್ಧ ಊರಿನಷ್ಟು ಅಂಗಳ. ಅಲ್ಲಿ ನಡೆದು ಹೋಗುವವರು ಮಾಲಿಗಳು ಮಾತ್ರ. ಕಾಲೇಜಿನ ಗೇಟಿನಲ್ಲಿ ಎಲ್ಲರ ಚೀಲ ತೆರೆಸಿ ನೋಡಿದರು. ನೈರೋಬಿಯಲ್ಲಿ ಅಂಗಡಿಗೆ ಹೋದರೂ ಹಾಗೇ. ಕಾವಲಿನಾಕೆ ನನ್ನ ಪರ್ಸಿನಲ್ಲಿ ಕೈಯಾಡಿಸಿ ನಿಂಬೆಹಣ್ಣು ಎತ್ತಿ ಹಿಡಿದಳು. "ಚಹಾಕ್ಕಾ ಮಾಮಾ?"

"ಹೌದು, ಚಹಾಕ್ಕೆ," ಎಂದೆ. ನಗುತ್ತಾ ವಾಪಸು ಹಾಕಿದಳು.

ಮೈದಾನದ ಆಚೆ ಅವರ ಅಭಿಮಾನಿಗಳಿಗೆ ನೆರಳಿನ ಮೆಟ್ಟಿಲು. ಈಚೆ, ಗೋಲಿನ ಪಕ್ಕ, ನಮಗೆ ಮೂರು ಸಾಲು ಹಲಗೆ, ನೆತ್ತಿಯ ಮೇಲೆ ಬಿಸಿಲು. ಎದುರು ಪಾರ್ಟಿ ಅಂದಮೇಲೆ ಇಷ್ಟೇ ಮರ್ಯಾದೆ ಎಂದಳು ವಂಜಿರು. ಮೈಸೂರಿನ ಬಿಸಿಲು ನನಗೇನು ಹೊಸದಲ್ಲ, ಆದರೆ ಇದು ಬೇರೆ ಥರ. ಗಾಳಿ ತಣ್ಣಗೆ ಬೀಸುತ್ತಿರುತ್ತದೆ, ಚರ್ಮ ಸುಡುತ್ತಿರುತ್ತದೆ.

ನಾನು ಒಂದು ಮರದ ಹಿಂದೆ ಹೋದೆ. ಹಣ್ಣಿಗೆ ಕುಂಕುಮ ಸವರಿ, ಕಪ್ಪು ದಾರ ಸುತ್ತಿ, ಮನಸ್ಸಿನಲ್ಲೇ ತಾಯಿ ಚಾಮುಂಡಿಗೆ ಕೈಮುಗಿದು ವಾಪಸು ಬಂದೆ.

ಸಿಂಚನಾ ಕೈಗವಸು ಹಾಕಿಕೊಂಡು ಮೈದಾನದ ಅಂಚಿಗೆ ಕಟ್ಟಿದ್ದ ಹಗ್ಗದ ಬಳಿಗೆ ಓಡಿಬಂದಳು. ಮುಖ ಬಿಳುಪಾಗಿತ್ತು. ನೀರಿನ ಬಾಟಲಿ, ಬಿಳಿ ಟವೆಲು ನನ್ನ ಕೈಗೆ ಕೊಟ್ಟು, "ಐದು ನಿಮಿಷ ಹಿಡ್ಕೋ, ವಾರ್ಮಪ್ ಮಾಡ್ಬೇಕು. ಆಮೇಲೆ ಗೋಲಲ್ಲಿ ಇಟ್ಕೋತೀನಿ," ಎಂದಳು. ಆರಿಸುವವರಿಬ್ಬರೂ ಆಚೆ ಬದಿಯಲ್ಲಿ ದೊಡ್ಡ ಕೊಡೆಯ ಕೆಳಗೆ ಬಂದು ಕೂತಾಗಿತ್ತು, ತೊಡೆಯ ಮೇಲೆ ನೋಟ್‌ಬುಕ್ಕು.

ಆ ಬಿಳುಪಾದ ಮುಖ ನೋಡಿದ ಮೇಲೆ ನಾನು ಮತ್ತೆ ಯೋಚನೆಯನ್ನೇ ಮಾಡಲಿಲ್ಲ. ಸೆರಗಿನ ತುದಿಗೆ ದುಡ್ಡು ಕಟ್ಟುವ ಹಾಗೆ ಟವೆಲಿನ ತುದಿಗೆ ಹಣ್ಣು ಇಟ್ಟು ಬಿಗಿಯಾಗಿ ಗಂಟು ಹಾಕಿದೆ. ಗಂಟು ಒಳಗೆ ಬರುವಂತೆ ನಾಲ್ಕು ಮಡಿಕೆ ಮಡಿಚಿದೆ. ಅವಳು ಬಂದಳು, ಟವೆಲು ಬಾಟಲಿ ಕಿತ್ತುಕೊಂಡು ಓಡಿದಳು, ಗೋಲಿನ ಕಂಬದ ಬುಡದಲ್ಲಿ ಇಟ್ಟಳು. ನನಗೆ ನೆಮ್ಮದಿಯಾಯಿತು.

ಮೊದಲ ಅರ್ಧ

ಫುಟ್‌ಬಾಲ್ ಅರ್ಥವಾಗದವರಿಗೂ ಗೋಲ್‌ಕೀಪರ್ ಅರ್ಥವಾಗುತ್ತಾಳೆ. ಉಳಿದವರೆಲ್ಲ ಓಡುತ್ತಾರೆ, ಅವಳು ಕಾಯುತ್ತಾಳೆ. ಅವರ ತಂಡದ ಒಂಬತ್ತನೇ ನಂಬರಿನ ಹುಡುಗಿ, ಉದ್ದನೆಯ ಕಾಲಿನವಳು, ಹತ್ತು ನಿಮಿಷದೊಳಗೆ ಮೂರು ಸಲ ನುಗ್ಗಿ ಬಂದಳು. ಒಮ್ಮೆ ನಮ್ಮ ಹುಡುಗಿ ಹಾರಿ ಬೆರಳ ತುದಿಯಿಂದ ಚೆಂಡನ್ನು ಆಚೆ ತಳ್ಳಿದಳು. ನಾನು ಎದ್ದು ನಿಂತು ಕಿರುಚಿದ್ದು ನನಗೇ ಗೊತ್ತಾಗಲಿಲ್ಲ, ವಂಜಿರು ಕೈಹಿಡಿದು ಕೂರಿಸಿದಳು.

ಆಗ ಆಚೆ ಬದಿಯಿಂದ ಒಂದು ಕೂಗು ಶುರುವಾಯಿತು. "ಏನಂತೆ?" ಎಂದು ಕೇಳಿದೆ.

"ಗೋಲಿನಲ್ಲಿ ಏನೋ ಇಟ್ಟಿದ್ದೀರಿ ಅಂತ ಕಿಚಾಯಿಸುತ್ತಿದ್ದಾರೆ ಮಾಮಾ. ಚೆಂಡು ಒಳಗೆ ಹೋಗದಿದ್ದರೆ ಹಾಗನ್ನುವುದು ಇದ್ದದ್ದೇ," ಎಂದಳು. ಮತ್ತೆ ಡೋಲು ಸರಿಮಾಡಿಕೊಳ್ಳುತ್ತಾ ಹೇಳಿದಳು: "ಆದರೆ ಅದು ಬರಿಯ ತಮಾಷೆಯಲ್ಲ. ಹಿಂದೊಮ್ಮೆ ಯಾವುದೋ ತಂಡ ಗೋಲಿನ ಮೂಲೆಯಲ್ಲಿ ಏನನ್ನೋ ಹೂತಿಟ್ಟು ಸಿಕ್ಕಿಬಿದ್ದು, ಹೊಡೆದಾಟವಾಗಿ ಪಂದ್ಯವೇ ನಿಂತಿತ್ತು. ಈಗ ನಿಯಮ ಇದೆ. ಒಂದು ಬಾಟಲಿ, ಒಂದು ಟವೆಲು, ಅಷ್ಟೇ. ಬೇರೆ ಏನು ಸಿಕ್ಕಿದರೂ ಉಚಾವಿ ಅಂತ ಬರೆಯುತ್ತಾರೆ. ಮಾಟ."

ನನ್ನ ಬಾಯಲ್ಲಿದ್ದ ಜೋಳದ ರುಚಿ ಕಹಿಯಾಯಿತು. "ನೀನು ಅದನ್ನೆಲ್ಲ ನಂಬುತ್ತೀಯಾ?"

"ನಾನು ಎಂಜಿನಿಯರಿಂಗ್ ಓದುವವಳು ಮಾಮಾ, ನಂಬುವುದಿಲ್ಲ. ಎದುರಿನವರು ನಂಬುತ್ತಾರೆ ಅನ್ನುವುದನ್ನು ಮಾತ್ರ ನಂಬುತ್ತೇನೆ."

ಅಯ್ಯೋ ಶಿವನೇ. ಮಾಟ ಅಂದರೆ ನಮ್ಮಲ್ಲಿಯೂ ಬೇರೆ, ದೃಷ್ಟಿ ಬೇರೆ. ಮಾಟ ಮಾಡುವುದು ಇನ್ನೊಬ್ಬರಿಗೆ ಕೆಡುಕಾಗಲಿ ಅಂತ, ದೃಷ್ಟಿ ತೆಗೆಯುವುದು ನಮ್ಮವರಿಗೆ ಕೆಡುಕಾಗದಿರಲಿ ಅಂತ. ಈ ವ್ಯತ್ಯಾಸವನ್ನು ನಾನು ಯಾರಿಗೆ, ಯಾವ ಭಾಷೆಯಲ್ಲಿ ಬಿಡಿಸಿ ಹೇಳಲಿ? ನಮ್ಮ ಬೀದಿಯ ತಿರುವಿನಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿದ್ದರೆ ನಾನೂ ದಾಟದೆ ಸುತ್ತಿ ಹೋಗುವವಳೇ ತಾನೆ. ಕಂಬದ ಬುಡದ ಬಿಳಿ ಟವೆಲಿನಿಂದ ಕಣ್ಣು ಕೀಳಲಾಗಲಿಲ್ಲ. ವಿರಾಮ ಬರಲಿ, ಹೇಳಿಬಿಡುತ್ತೇನೆ, ಗಂಟು ಬಿಚ್ಚಿ ತೆಗೆದುಬಿಡುತ್ತೇನೆ ಎಂದು ನಿಮಿಷ ಎಣಿಸುತ್ತಾ ಕೂತೆ.

ವಿರಾಮ

ಸಿಳ್ಳೆ ಊದಿದ ಕೂಡಲೇ ಹಗ್ಗದ ಬಳಿಗೆ ಹೋದೆ. ಸಿಂಚನಾ ಬಾಟಲಿ, ಮಡಿಕೆ ಬಿಚ್ಚದ ಟವೆಲು ಎರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಬರುತ್ತಿದ್ದಳು. ನಮ್ಮ ತಂಡದ ಕೋಚು, ನರೆತ ಗಡ್ಡದ ಒಟಿಯೆನೊ ಎಂಬವರು, ಅವಳ ಬೆನ್ನು ತಟ್ಟಿ ಕೊಡೆಯ ಕಡೆ ಗಲ್ಲದಿಂದ ಸನ್ನೆ ಮಾಡಿದರು. ಅಲ್ಲಿ ಆ ಇಬ್ಬರೂ ಬರೆದುಕೊಳ್ಳುತ್ತಿದ್ದರು.

"ದೊಡ್ಡಮ್ಮ, ನೋಡಿದ್ಯಾ?" ಬೆವರಿನಲ್ಲಿ ಮುಖ ಹೊಳೆಯುತ್ತಿತ್ತು. ಬೆಳಗಿನ ಬಿಳುಪು ಎಲ್ಲಿಯೂ ಇರಲಿಲ್ಲ. "ಇವತ್ತು ಏನೋ ಗೊತ್ತಿಲ್ಲ, ಎಲ್ಲಾ ಕೈಗೇ ಬಂದು ಬೀಳ್ತಿದೆ. ಐ ಕಾಂಟ್ ಎಕ್ಸ್‌ಪ್ಲೇನ್."

ಈಗ ನಾನು ಬರೆಯುವುದಕ್ಕೆ ನಾಚಿಕೆಪಡುವ ಮಾತು ಬಂತು. ಅವಳು ಹಾಗೆಂದ ಕೂಡಲೇ ನನಗೆ ಅನ್ನಿಸಿದ್ದು ಒಂದೇ: ಅದು ನನ್ನ ಹಣ್ಣು ಕಣೇ. ನಾನು ಕಟ್ಟಿದ್ದು. ಇಷ್ಟೊಂದು ಕಾಲ ದೂರವಿದ್ದ ದೊಡ್ಡಮ್ಮ ಇವತ್ತು ನಿನ್ನ ಕೆಲಸಕ್ಕೆ ಬಂದಳು. ಬಿಚ್ಚಿಬಿಟ್ಟರೆ ಎರಡನೇ ಅರ್ಧದಲ್ಲಿ ಕೈತಪ್ಪಿದರೆ? ಇಲ್ಲಿಯತನಕ ಯಾರೂ ನೋಡಿಲ್ಲ, ಇನ್ನು ನಲವತ್ತೈದು ನಿಮಿಷ. ಅವಳು ಎರಡು ವರ್ಷ ಅಭ್ಯಾಸ ಮಾಡಿದ್ದು, ಬೆಳಿಗ್ಗೆ ಐದಕ್ಕೆ ಎದ್ದು ಓಡಿದ್ದು, ಇದು ಯಾವುದೂ ಆ ಗಳಿಗೆಯಲ್ಲಿ ನನ್ನ ತಲೆಗೆ ಬರಲಿಲ್ಲ.

"ಏನೋ ಹೇಳೋಕ್ ಬಂದ್ಯಲ್ಲ?" ಎಂದಳು.

"ಏನಿಲ್ಲ ಮರಿ. ನೀರು ಕುಡಿ," ಎಂದೆ.

ಎರಡನೇ ಅರ್ಧ

ಗೋಲು ಬದಲಾದವು. ಈಗ ಸಿಂಚನಾ ನಿಂತಿದ್ದು ಅವರ ಅಭಿಮಾನಿಗಳ ಮುಂದೆ, ನಮ್ಮಿಂದ ದೂರ. ಚೆಂಡು ಒದೆಯಲು ತಡಮಾಡಿದಳೆಂದು ರೆಫರಿ ಅವಳಿಗೆ ಹಳದಿ ಕಾರ್ಡು ತೋರಿಸಿದಳು. ಅದೇನು ದೊಡ್ಡದಲ್ಲ, ಇನ್ನೊಂದು ಸಿಗಬಾರದು ಅಷ್ಟೇ ಎಂದಳು ವಂಜಿರು.

ಎರಡೂ ಕಡೆ ಇನ್ನೂ ಗೋಲಿಲ್ಲ. ಇನ್ನು ಇಪ್ಪತ್ತು ನಿಮಿಷ ಇರಬೇಕು, ಒಂಬತ್ತನೇ ನಂಬರಿನವಳು ಒದ್ದ ಚೆಂಡು ನಮ್ಮ ಹುಡುಗಿಯನ್ನು ದಾಟಿ ಹೋಯಿತು. ಮುಗಿಯಿತು ಅಂದುಕೊಂಡೆ. ಕಂಬಕ್ಕೆ ಬಡಿದು ಹೊರಗೆ ಚಿಮ್ಮಿತು. ಅವರ ಕಡೆಯವರೆಲ್ಲ ತಲೆ ಮೇಲೆ ಕೈಹೊತ್ತರು. ಯಾರೋ "ಟವೆಲ್!" ಎಂದು ಕೂಗಿದರು. ಆಮೇಲೆ ಎಲ್ಲರೂ ಕೂಗತೊಡಗಿದರು. ಆ ಹುಡುಗಿ ಓಡಿಹೋಗಿ ಕಂಬದ ಬುಡದ ಟವೆಲನ್ನು ಎತ್ತಿಕೊಂಡಳು. ಸಿಂಚನಾ ನಕ್ಕಳು, ನೋಡ್ಕೋ ಎಂಬಂತೆ ಎರಡೂ ಕೈ ಚಾಚಿದಳು. ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲವಲ್ಲ.

ಹುಡುಗಿ ಟವೆಲು ಕೊಡವಿದಳು. ಗಂಟು ಕೈಗೆ ಸಿಕ್ಕಿತು. ಬಿಚ್ಚಿದಳು. ಹಣ್ಣು ಹುಲ್ಲಿನ ಮೇಲೆ ಉರುಳಿತು.

ಅಷ್ಟು ದೂರದಿಂದಲೂ ನನಗೆ ಕಾಣಿಸಿದ್ದು ಬಿಳಿ ಬಟ್ಟೆಯ ಮೇಲಿನ ಕೆಂಪು. ಕುಂಕುಮ ಅಂತ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ, ಮಿಕ್ಕವರಿಗೆಲ್ಲ ಅದು ರಕ್ತ. ಟವೆಲು ಬಿಸಾಕಿ ಆ ಹುಡುಗಿ ಹಿಂದೆ ಸರಿದಳು, ಅಂಗೈಯನ್ನು ಅಂಗಿಗೆ ಉಜ್ಜುತ್ತಾ ಅಳತೊಡಗಿದಳು. ನಿಜವಾಗಿ ಹೆದರಿದ್ದಳು. ಆಮೇಲೆ ಗದ್ದಲ. ಮೆಟ್ಟಿಲಿಳಿದು ಜನ ಹಗ್ಗದ ತನಕ ಬಂದರು, ನೂರು ಮೊಬೈಲು ಮೇಲೆದ್ದವು. ನಮ್ಮ ಕಡೆಯ ಹುಡುಗರು ಕೂಗುವುದನ್ನು ನಿಲ್ಲಿಸಿದರು.

ರೆಫರಿ, ಗಟ್ಟಿಮುಟ್ಟಾದ ಒಬ್ಬ ಹೆಂಗಸು, ಹಣ್ಣನ್ನು ಎರಡು ಬೆರಳಿನಲ್ಲಿ ಎತ್ತಿಕೊಂಡು ಸಿಂಚನಾಳ ಮುಂದೆ ಹಿಡಿದಳು. ಏನು ಕೇಳಿದಳು ಎಂದು ಕೇಳಿಸಬೇಕಾಗಿರಲಿಲ್ಲ.

ಸಿಂಚನಾ ಹಣ್ಣನ್ನು ನೋಡಿದಳು. ಆಮೇಲೆ ಮೈದಾನದ ಉದ್ದಕ್ಕೂ ಕಣ್ಣು ಹಾಯಿಸಿ ನಮ್ಮ ಹಲಗೆಗಳ ಕಡೆ ನೋಡಿದಳು.

ಎದ್ದು ನಿಲ್ಲಬೇಕಿತ್ತು. ಕೈ ಎತ್ತಿ, "ಅದು ನನ್ನದು, ಮಗುವಿಗೆ ಏನೂ ಗೊತ್ತಿಲ್ಲ," ಎಂದು ಬರುವ ಹರುಕುಮುರುಕು ಇಂಗ್ಲಿಷಿನಲ್ಲಿ ಕೂಗಬೇಕಿತ್ತು. ನೂರೈವತ್ತು ಹೆಜ್ಜೆ ನಡೆದರೆ ರೆಫರಿಯ ಹತ್ತಿರ ಹೋಗಬಹುದಿತ್ತು. ಮೂವತ್ತು ವರ್ಷ ಕೌಂಟರಿನಲ್ಲಿ ಎಂಥೆಂಥವರ ಮೇಲೆ ದನಿ ಎತ್ತಿದವಳು ನಾನು. ಆದರೆ ಪೊಲೀಸು, ಪಾಸ್‌ಪೋರ್ಟು, ಅಷ್ಟು ಮೊಬೈಲುಗಳು, ಗೇಟಿನಲ್ಲಿ ಚಹಾಕ್ಕೆ ಎಂದು ಹೇಳಿದ ಸುಳ್ಳು, ಎಲ್ಲ ಒಟ್ಟಿಗೆ ತಲೆಗೆ ನುಗ್ಗಿತು. ತುಟಿಪಿಟಕ್ಕೆನ್ನದೆ ಕೂತಿದ್ದೆ. ವಂಜಿರು ನನ್ನ ಹಣೆಯ ಕುಂಕುಮ ನೋಡಿದಳು. ನಮ್ಮಿಬ್ಬರ ನಡುವೆ ಡೋಲನ್ನು ಎತ್ತಿಟ್ಟಳು, ಅಷ್ಟೇ.

ಸಿಂಚನಾ ಕೈಗವಸಿನ ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡಳು. ನನ್ನದು ಅಂತ.

ಎರಡನೇ ಹಳದಿ ಕಾರ್ಡು, ಅದರ ಹಿಂದೆಯೇ ಕೆಂಪು. ಅವಳು ತಲೆ ಎತ್ತಿಕೊಂಡೇ ಹೊರಗೆ ನಡೆದಳು. ಅವಳ ಜಾಗಕ್ಕೆ ಬಂದ ಪುಟ್ಟ ಹುಡುಗಿ ಎರಡು ಗೋಲು ಬಿಟ್ಟುಕೊಟ್ಟಳು. ಎರಡನೆಯದು ಬೀಳುವ ಮೊದಲೇ ಕೊಡೆಯ ಕೆಳಗಿನವರು ಎದ್ದು ಹೋಗಿದ್ದರು.

ವಾಪಸು

ಮಟಾಟುವಿನಲ್ಲಿ ಹಾಡು ಹಾಕಲಿಲ್ಲ. ನನ್ನನ್ನು ಯಾರೂ ಬೈಯಲಿಲ್ಲ, ಬೈದಿದ್ದರೆ ಉಸಿರಾಡಬಹುದಿತ್ತು. ಇಳಿಯುವಾಗ ವಂಜಿರು ನನ್ನ ಕೈಹಿಡಿದು ಇಳಿಸಿದಳು, "ಹುಷಾರು ಮಾಮಾ," ಎಂದಳು. ಮಾಮಾ ಸಿಂಚಾ ಎನ್ನಲಿಲ್ಲ.

ಮನೆಗೆ ಬರುವ ಹೊತ್ತಿಗೆ ವಿಡಿಯೋ ಅಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿಗೂ ಬಂದಿತ್ತು. ಒಬ್ಬರು ನಗುವ ಮುಖ ಕಳಿಸಿದ್ದರು, ಇನ್ನೊಬ್ಬರು ನಮ್ಮ ಸಂಸ್ಕೃತಿಗೆ ಅವಮಾನ ಎಂದು ಉದ್ದ ಬರೆದಿದ್ದರು. ವಾಸಂತಿ ಮಗಳ ಮೇಲೆ ಹರಿಹಾಯ್ದಳು: "ನಿಂಗೇನ್ ತಲೆ ಕೆಟ್ಟಿತ್ತೇನೇ? ಇಲ್ಲೇ ಬೆಳೆದೋಳು ನೀನು, ಅಷ್ಟು ಗೊತ್ತಾಗಲ್ವಾ?"

"ತಪ್ಪಾಯ್ತಮ್ಮ," ಎಂದು ಸಿಂಚನಾ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಸೋಫಾದ ಮೇಲೆ ಕೂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಹುರುಳಿಕಾಯಿ ಹೆಚ್ಚುತ್ತಾ ತಂಗಿಗೆ ಹೇಳಿದೆ. ಅವಳು ಚಾಕು ಕೆಳಗಿಟ್ಟಳು. "ಒಳ್ಳೇದಾಗ್ಲಿ ಅಂತ ತಾನೇ ಮಾಡಿದ್ದು ಅಕ್ಕ, ಬಿಡು," ಎಂದಳು. ಆ ಸಮಾಧಾನ ನನಗೆ ಚಪ್ಪಲಿಯೇಟಿಗಿಂತ ಜೋರಾಗಿ ತಗುಲಿತು.

ಸೋಮವಾರ

ಸಿಂಚನಾಳ ಕಾಲೇಜಿಗೆ ಅವಳ ಜೊತೆಯಲ್ಲೇ ಹೋದೆ. ಕೋಚ್ ಒಟಿಯೆನೊ ತಮ್ಮ ಚಿಕ್ಕ ಕೋಣೆಯಲ್ಲಿ ಕುರ್ಚಿಯ ಮೇಲಿದ್ದ ಚೆಂಡುಗಳ ಬಲೆ ಎತ್ತಿ ನನಗೆ ಜಾಗ ಮಾಡಿಕೊಟ್ಟರು. ಹೇಗಿದ್ದೀರಿ, ಮನೆಯಲ್ಲಿ ಹೇಗಿದ್ದಾರೆ ಎಂದು ಕೇಳಿದರು. ಹಾಲು ಹಾಕಿ ಕುದಿಸಿದ ಚಹಾ ತರಿಸಿದರು. ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಮರದ ಹಿಂದೆ ಕುಂಕುಮ ಸವರಿದ್ದು, ಗಂಟು, ವಿರಾಮದಲ್ಲಿ ಹೇಳದೆ ಹೋದದ್ದು. ಬೇಕಾದರೆ ಬರೆದು ಸಹಿ ಹಾಕಿ ಕೊಡುತ್ತೇನೆ, ಯಾರ ಮುಂದೆ ಬೇಕಾದರೂ ನಿಲ್ಲುತ್ತೇನೆ ಎಂದೆ.

ಅವರು ನಡುವೆ ಬಾಯಿ ಹಾಕದೆ ಕೇಳಿದರು. "ಅವಳದ್ದಲ್ಲ ಅಂತ ನನಗೆ ಗೊತ್ತಿತ್ತು ಮಾಮಾ," ಎಂದರು. "ತಂಡದ ಎಲ್ಲರಿಗೂ ಗೊತ್ತು. ಆದರೆ ರೆಫರಿಯ ವರದಿಯಲ್ಲಿ ತನ್ನದೇ ಎಂದು ಇವಳು ಸಹಿ ಹಾಕಿದ್ದಾಳೆ. ಸಮಿತಿಯವರು ಈ ಸೀಸನ್ನು ಪೂರ್ತಿ ಆಡುವಂತಿಲ್ಲ ಎಂದು ಇವತ್ತು ಬೆಳಿಗ್ಗೆ ಹೇಳಿಕಳಿಸಿದರು. ಆರಿಸುವವರು ಬೇರೆ ಹುಡುಗಿಯನ್ನು ತೆಗೆದುಕೊಂಡಾಯಿತು. ಶನಿವಾರ ಅಲ್ಲೇ ನೀವು ಹೇಳಿದ್ದರೆ ರೆಫರಿ ಬೇರೆ ಏನಾದರೂ ಬರೆಯುತ್ತಿದ್ದರು. ಈಗ ನಿಮ್ಮ ಮಾತನ್ನು ನಾನು ಕಳಿಸುತ್ತೇನೆ, ಖಂಡಿತ ಕಳಿಸುತ್ತೇನೆ. ದೊಡ್ಡಮ್ಮ ಹುಡುಗಿಯನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ."

ಚಹಾ ಪೂರ್ತಿ ಕುಡಿಯದೆ ಎದ್ದರೆ ಅಲ್ಲಿ ಅಗೌರವ. ತಣ್ಣಗಾದದ್ದನ್ನು ಕುಡಿದು ಮುಗಿಸಿ ಹೊರಗೆ ಬಂದೆ.

ಸಿಂಚನಾ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕ ಕೂತು, "ತಪ್ಪಾಯ್ತು ಕಣೇ," ಎಂದೆ.

"ನಿಂಬೆಹಣ್ಣಿನ ಬಗ್ಗೆ ನಂಗೆ ಕೋಪ ಇಲ್ಲ ದೊಡ್ಡಮ್ಮ," ಎಂದಳು. "ನೀನು ಅದೆಲ್ಲಾ ಮಾಡೇ ಮಾಡ್ತೀಯ ಅಂತ ನಂಗೊತ್ತಿರ್ಬೇಕಿತ್ತು. ಟವೆಲ್ ಒಂದ್ಸಲ ಕೊಡವಿ ನೋಡಿದ್ರೆ ಆಗ್ತಿತ್ತು."

"ಹಾಗನ್ಬೇಡ ಮರಿ."

"ರೆಫರಿ ಕೇಳಿದ್ಮೇಲೆ ನಾನು ತಕ್ಷಣ ಹೇಳ್ಲಿಲ್ಲ. ಒಂದ್ ನಿಮಿಷ ಸುಮ್ನೆ ನಿಂತಿದ್ದೆ. ಯಾಕೆ ಗೊತ್ತಾ?"

"ಗೊತ್ತು," ಎಂದೆ.

"ನೀನು ಕೈ ಎತ್ತಿದ್ದಿದ್ರೆ ನಾನೇ ಓಡಿ ಬಂದು ನಿನ್ನ ಪಕ್ಕ ನಿಂತ್ಕೋತಿದ್ದೆ. ಯಾರ್ ಏನಂದ್ರೂ ನಿಂತ್ಕೋತಿದ್ದೆ." ನನ್ನ ಮುಖ ನೋಡದೆ ಹೇಳಿದಳು, ಸಿಟ್ಟಿಲ್ಲದೆ, ಅಂದಿನ ಪಂದ್ಯದ ಯಾವುದೋ ಒಂದು ಚೆಂಡಿನ ಬಗ್ಗೆ ಹೇಳುವವಳ ಹಾಗೆ. ಆಮೇಲೆ ಕ್ಲಾಸಿಗೆ ಹೊತ್ತಾಯಿತೆಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದು ಹೋದಳು.